ಪುಶ್ ಒತ್ತಿದರೆ ತಡೆ, ಪುಲ್ ಒತ್ತಿದರೆ ಕಾನ್‌ಫ್ಲಿಕ್ಟ್: ನನ್ನ ಕೆಲಸ ಹೋಗಿಬಿಡ್ತದೇನ್ರಿ?

ಓದುಗರ ಪ್ರಶ್ನೆ: ನಾವು ಮೂರು ಮಂದಿ ಹುಬ್ಬಳ್ಳಿಯೊಳಗ ಇಂಜಿನಿಯರಿಂಗ್ ಕೊನೇ ವರ್ಷ ಓದಾಕತ್ತೀವ್ರಿ. ಬ್ಯಾಡಗಿ ಮಾರ್ಕೆಟ್ಟಿನ ಮೆಣಸಿನಕಾಯಿ ದರ ತೋರಸೋ ವೆಬ್‌ಸೈಟ್ ನಮ್ಮ ಪ್ರಾಜೆಕ್ಟ್. ರಜಾದಾಗ ಒಬ್ಬಾಂವ ಹಾವೇರಿಯಿಂದ, ಒಬ್ಬಾಕಿ ಗದಗಿನಿಂದ ಕೆಲಸ ಮಾಡ್ತಾರ. ಕೋಡ್ ಹಂಚಿಕೊಳ್ಳಾಕ ಬಳಸೋ ಗಿಟ್‌ಹಬ್ ಡೆಸ್ಕ್‌ಟಾಪ್‌ನಾಗ ಪುಶ್ (ನನ್ನ ಕೆಲಸ ಸರ್ವರಿಗೆ ಕಳಸೋದು) ಒತ್ತಿದ್ರ ರಿಮೋಟ್‌ನಾಗ, ಅಂದ್ರ ಸರ್ವರಿನ ಪ್ರತಿಯೊಳಗ, ಹೊಸ ಕಮಿಟ್ (ದಾಖಲಿಸಿಟ್ಟ ಬದಲಾವಣೆ) ಅದಾವ ಅಂತ ತಡೀತದ. ಪುಲ್ (ಸರ್ವರಿನಿಂದ ತರೋದು) ಒತ್ತಿದ್ರ ಕಾನ್‌ಫ್ಲಿಕ್ಟ್ ಅಂತ ಕಿಟಕಿ ಬರ್ತದ. ಹೆದರಿ ಬಂದ್ ಮಾಡೀನಿ. ಎರಡು ದಿನದ ಕೆಲಸ ಹೋಗಿಬಿಡ್ತದೇನ್ರಿ?

ಉತ್ತರ: ಇಲ್ಲ. ಪುಶ್ ಒತ್ತುವ ತನಕ ಬಂದಿದ್ದೀರಿ ಎಂದರೆ ನಿಮ್ಮ ಕೆಲಸ ಆಗಲೇ ಕಮಿಟ್ ಆಗಿದೆ, ಅದು ನಿಮ್ಮ ಲ್ಯಾಪ್‌ಟಾಪಿನಲ್ಲೇ ಭದ್ರವಾಗಿದೆ. 'ಹಿಸ್ಟರಿ' ಟ್ಯಾಬ್ ತೆರೆದು ನೋಡಿ, ನಿಮ್ಮ ಕಮಿಟ್ ಅಲ್ಲೇ ಇರುತ್ತದೆ. ಈ ಹಂತದಲ್ಲಿ ಕಳೆದುಹೋಗುವ ಸಾಧ್ಯತೆ ಇರುವುದು ನಿಮ್ಮ ಗೆಳೆಯರ ಕೆಲಸ, ಅದೂ ನೀವೇ ಅವಸರದಲ್ಲಿ ಒಂದು ತಪ್ಪು ಬಟನ್ ಒತ್ತಿದರೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ಮೊದಲು, ಪುಶ್ ಯಾಕೆ ತಡೆಯಿತು? ಸರ್ವರಿನಲ್ಲಿರುವ ಬ್ರಾಂಚಿನ (ಕಮಿಟ್‌ಗಳ ಸಾಲಿನ) ಕೊನೆಯ ಕಮಿಟ್ ನಿಮ್ಮ ಚರಿತ್ರೆಯೊಳಗೂ ಇದ್ದರೆ ಮಾತ್ರ ಗಿಟ್ (ಡೆಸ್ಕ್‌ಟಾಪಿನ ಹಿಂದೆ ಕೆಲಸ ಮಾಡುವ ತಂತ್ರಾಂಶ) ಪುಶ್ ಒಪ್ಪಿಕೊಳ್ಳುತ್ತದೆ. ನೀವು ಕೆಲಸ ಮಾಡುತ್ತಿದ್ದಾಗ ಹಾವೇರಿಯ ಗೆಳೆಯ ತನ್ನದನ್ನು ಪುಶ್ ಮಾಡಿದ್ದಾನೆ. ಅದನ್ನು ತರದೆ ನಿಮ್ಮದನ್ನು ಕಳಿಸಿದರೆ ಅವನ ಕಮಿಟ್ ಬ್ರಾಂಚಿನಿಂದ ಬಿದ್ದುಹೋಗುತ್ತಿತ್ತು. ಹಾಗಾಗಿ ತಡೆದದ್ದು ಒಳ್ಳೆಯದೇ ಆಯಿತು. 'ಫೆಚ್' (ಸರ್ವರಿನಲ್ಲಿ ಹೊಸದೇನಿದೆ ಎಂದು ನೋಡುವುದು) ಒತ್ತಿದ ಮೇಲೆ ಮೇಲ್ಪಟ್ಟಿಯ ಬಟನ್ 'ಪುಲ್ ಒರಿಜಿನ್' ಎಂದಾಗುತ್ತದೆ. ಅದರ ಮೇಲೆ ಎರಡು ಅಂಕಿ ಕಾಣುತ್ತವೆ: ಮೇಲ್ಮುಖ ಬಾಣದ ಜೊತೆಗಿನದು ನೀವು ಇನ್ನೂ ಕಳಿಸದ ಕಮಿಟ್‌ಗಳು, ಕೆಳಮುಖ ಬಾಣದ್ದು ನೀವು ಇನ್ನೂ ತರದವು. ಎರಡೂ ಕಂಡರೆ ಎರಡು ಕಡೆಯೂ ಕೆಲಸ ನಡೆದಿದೆ ಎಂದು ತಿಳಿಯಿರಿ.

ಪುಲ್ ಒತ್ತಿದಾಗ ಗಿಟ್ ಮೂರು ಪ್ರತಿಗಳನ್ನು ಹೋಲಿಸುತ್ತದೆ: ನಿಮ್ಮದು, ಅವನದು, ಇಬ್ಬರೂ ಕವಲೊಡೆಯುವ ಮುಂಚಿನ ಹಳೆಯ ಪ್ರತಿ. ಬೇರೆ ಬೇರೆ ಜಾಗದ ಬದಲಾವಣೆಗಳನ್ನು ತಾನೇ ಕೂಡಿಸುತ್ತದೆ. ಒಂದೇ ಸಾಲನ್ನು ಇಬ್ಬರೂ ಬೇರೆ ಬೇರೆ ರೀತಿ ಬದಲಿಸಿದ್ದರೆ ಕಾನ್‌ಫ್ಲಿಕ್ಟ್. ಅಕ್ಕಪಕ್ಕದ ಸಾಲುಗಳನ್ನು ಬದಲಿಸಿದ್ದರೂ ಕಾನ್‌ಫ್ಲಿಕ್ಟೇ. ಈ ಎರಡನೆಯದು ಬಹಳ ಜನಕ್ಕೆ ಗೊತ್ತಿರುವುದಿಲ್ಲ, 'ನಾನು ಆ ಸಾಲು ಮುಟ್ಟೇ ಇಲ್ಲ' ಎಂದು ತಂಡದೊಳಗೆ ಜಗಳ ಆಗುವುದು ಇಲ್ಲೇ.

ಈಗ ನೀವು ಬಂದ್ ಮಾಡಿದ ಕಿಟಕಿಯ ವಿಷಯ. ಕಿಟಕಿ ಮುಚ್ಚಿದರೂ ಮರ್ಜ್, ಅಂದರೆ ಎರಡು ಕಡೆಯ ಕೆಲಸ ಕೂಡಿಸುವುದು, ಅರ್ಧದಲ್ಲೇ ನಿಂತಿರುತ್ತದೆ. ಕಾನ್‌ಫ್ಲಿಕ್ಟ್ ಬಗೆಹರಿಸಿ ಎಂಬ ಸೂಚನೆಯ ಪಕ್ಕ 'ವ್ಯೂ ಕಾನ್‌ಫ್ಲಿಕ್ಟ್ಸ್' ಇರುತ್ತದೆ, ಒತ್ತಿದರೆ ಕಿಟಕಿ ಮರಳಿ ಬರುತ್ತದೆ. ಯೋಚಿಸಲು ಸಮಯ ಬೇಕಿದ್ದರೆ ಅದರಲ್ಲಿರುವ 'ಅಬಾರ್ಟ್ ಮರ್ಜ್' ಒತ್ತಿ. ಪುಲ್ ಮಾಡುವ ಮುಂಚೆ ಹೇಗಿತ್ತೋ ಹಾಗೆ ಆಗುತ್ತದೆ, ನಿಮ್ಮ ಕಮಿಟ್‌ಗಳಿಗೆ ಏನೂ ಆಗುವುದಿಲ್ಲ. ಹೋಗುವುದು ಕಾನ್‌ಫ್ಲಿಕ್ಟ್ ಬಿಡಿಸಲು ಅಷ್ಟರಲ್ಲಿ ಮಾಡಿದ ತಿದ್ದುಪಡಿ ಮಾತ್ರ.

ಕಿಟಕಿಯಲ್ಲಿ ಪ್ರತಿ ಫೈಲಿನ ಮುಂದೆ ಎಡಿಟರಿನಲ್ಲಿ ತೆರೆಯುವ ಬಟನ್ ಇದೆ, ಅದರ ಪಕ್ಕ ಚಿಕ್ಕ ಬಾಣ. ಆ ಬಾಣ ಒತ್ತಿದರೆ 'ಮೇನ್‌ನಲ್ಲಿರುವ ಫೈಲ್ ಬಳಸಿ', 'ಒರಿಜಿನ್/ಮೇನ್‌ನಲ್ಲಿರುವ ಫೈಲ್ ಬಳಸಿ' ಎಂಬ ಅರ್ಥದ ಎರಡು ಆಯ್ಕೆ ಬರುತ್ತವೆ. ಮೊದಲನೆಯದು ನಿಮ್ಮ ಪ್ರತಿ, ಎರಡನೆಯದು ಸರ್ವರಿನದು. ಸುಲಭ ಕಾಣುತ್ತದೆ, ಆದರೆ ಅಪಾಯ ಇರುವುದು ಇಲ್ಲಿಯೇ. ಇದು ಜಗಳದಲ್ಲಿರುವ ಸಾಲನ್ನಷ್ಟೇ ಆರಿಸುವುದಿಲ್ಲ, ಇಡೀ ಫೈಲನ್ನು ಒಂದು ಕಡೆಯಿಂದ ತೆಗೆದುಕೊಳ್ಳುತ್ತದೆ. ಗೆಳೆಯ ಅದೇ ಫೈಲಿನ ಬೇರೆ ಕಡೆ ಮಾಡಿದ, ಯಾವ ತಕರಾರೂ ಇಲ್ಲದೆ ಕೂಡಿಕೊಂಡಿದ್ದ 50 ಸಾಲುಗಳೂ ಸದ್ದಿಲ್ಲದೆ ಹೋಗುತ್ತವೆ. ಕೋಡ್ ಫೈಲಿಗೆ ಇದನ್ನು ಬಳಸಬೇಡಿ. ಚಿತ್ರ, ಪಿಡಿಎಫ್, ಎಕ್ಸೆಲ್ ಹಾಳೆಯಂಥವನ್ನು ಗಿಟ್ ಸಾಲು ಸಾಲಾಗಿ ಕೂಡಿಸಲಾರದು, ಅವುಗಳಿಗೆ ಮಾತ್ರ ಇದೇ ದಾರಿ.

ಕೋಡಿಗೆ ಎಡಿಟರ್ ತೆರೆಯಿರಿ. ವಿಎಸ್ ಕೋಡ್ ಇದ್ದರೆ ಹೀಗೆ ಕಾಣುತ್ತದೆ: ಮೇಲೆ ಏಳು ಎಡಬಾಣ ಮತ್ತು 'ಹೆಡ್' ಎಂಬ ಪದದ ಸಾಲು (ಅದರ ಕೆಳಗಿರುವುದು ನಿಮ್ಮ ಪಾಲು), ನಡುವೆ ಏಳು ಸಮಚಿಹ್ನೆ, ಕೊನೆಗೆ ಏಳು ಬಲಬಾಣದ ಜೊತೆ ಬಂದ ಕಮಿಟ್ಟಿನ 40 ಅಕ್ಷರದ ಗುರುತು. ಬಾಣದ ಸಾಲುಗಳನ್ನು ಬಿಟ್ಟು ನಿಮ್ಮ ದರದ ಜೇಸನ್ ಫೈಲ್ (ಹೆಸರು ಮತ್ತು ಅದರ ಮೌಲ್ಯವನ್ನು ಜೋಡಿಯಾಗಿ ಬರೆದಿಡುವ ಪಠ್ಯ ಫೈಲ್) ಹೀಗಿದೆ ಎಂದುಕೊಳ್ಳಿ (ಕಡ್ಡಿ, ಡಬ್ಬಿ ಎಂಬುವು ಮೆಣಸಿನಕಾಯಿ ತಳಿಗಳು, ಅಂಕಿಗಳು ಉದಾಹರಣೆಗಷ್ಟೇ):

"ಕಡ್ಡಿ": 30000,
"ಡಬ್ಬಿ": 36000,
=======
"ಕಡ್ಡಿ": 31500,
"ಡಬ್ಬಿ": 35000,

ಹಳೆಯ ಪ್ರತಿಯಲ್ಲಿ ಕಡ್ಡಿ 30000, ಡಬ್ಬಿ 35000 ಇತ್ತು. ನೀವು ಡಬ್ಬಿಯ ದರ ಬದಲಿಸಿದಿರಿ, ಅವನು ಕಡ್ಡಿಯದು. ಇಬ್ಬರೂ ಸರಿ. ಬೇಕಾದ ಉತ್ತರ ಕಡ್ಡಿ 31500, ಡಬ್ಬಿ 36000, ಅದು ಎರಡೂ ಪಾಲಿನಲ್ಲಿ ಪೂರ್ತಿಯಾಗಿ ಇಲ್ಲ! 'ಅಕ್ಸೆಪ್ಟ್ ಬೋತ್' ಒತ್ತಿದರೆ ನಾಲ್ಕೂ ಸಾಲು ಒಂದರ ಕೆಳಗೊಂದು ಉಳಿಯುತ್ತವೆ. ಜಾವಾಸ್ಕ್ರಿಪ್ಟ್ ಜೇಸನ್ ಓದುವಾಗ ಒಂದೇ ಹೆಸರು ಎರಡು ಸಲ ಬಂದರೆ ಕೊನೆಯದನ್ನು ಹಿಡಿಯುತ್ತದೆ, ದೋಷ ತೋರಿಸುವುದಿಲ್ಲ. ಪುಟದಲ್ಲಿ ಡಬ್ಬಿ ಮತ್ತೆ 35000 ಆಗಿ ಕೂರುತ್ತದೆ, ಯಾಕೆಂದು ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ಇಂಥ ಜಾಗದಲ್ಲಿ ಕೈಯಿಂದಲೇ ತಿದ್ದಿ: ಬೇಕಾದ ಎರಡು ಸಾಲು ಉಳಿಸಿ, ಮೂರು ಗುರುತಿನ ಸಾಲುಗಳನ್ನು ಅಳಿಸಿ, ಸೇವ್ ಮಾಡಿ.

ಇಬ್ಬರೂ ಪಟ್ಟಿಯ ತುದಿಗೆ ಹೊಸ ತಳಿ ಸೇರಿಸಿದ್ದರೆ 'ಅಕ್ಸೆಪ್ಟ್ ಬೋತ್' ಸರಿಯೇ, ಆದರೆ ಕೊನೆಯ ಸಾಲಿಗೆ ಅಲ್ಪವಿರಾಮ ಇರುವುದಿಲ್ಲವಲ್ಲ, ಈಗ ಅದು ನಡುವಿನ ಸಾಲಾಗಿದೆ. ಅಲ್ಲಿ ಅಲ್ಪವಿರಾಮ ಹಾಕದಿದ್ದರೆ ಫೈಲ್ ಓದಲು ಬಾರದೆ ದರಗಳೇ ಕಾಣುವುದಿಲ್ಲ.

ಸೇವ್ ಆದ ಮೇಲೆ ಡೆಸ್ಕ್‌ಟಾಪ್ ಕಿಟಕಿಯಲ್ಲಿ ಆ ಫೈಲಿಗೆ ಹಸಿರು ಗುರುತು ಬರುತ್ತದೆ. ಅದು ನೋಡುವುದು ಬಾಣದ ಸಾಲುಗಳು ಹೋದವೇ ಎಂಬುದನ್ನು ಮಾತ್ರ, ಕೋಡ್ ನಡೆಯುತ್ತದೆಯೇ ಎಂಬುದನ್ನಲ್ಲ. ಬ್ರೌಸರಿನಲ್ಲಿ ಒಮ್ಮೆ ಓಡಿಸಿ ನೋಡಿ, ಆಮೇಲೆ 'ಕಂಟಿನ್ಯೂ ಮರ್ಜ್', ಆಮೇಲೆ 'ಪುಶ್ ಒರಿಜಿನ್'. ಕೊನೆಯದನ್ನು ಮರೆಯುವವರು ಬಹಳ. ಮರ್ಜ್ ಕಮಿಟ್ ನಿಮ್ಮಲ್ಲೇ ಉಳಿದು, ಗದಗಿನ ಗೆಳತಿ ಹಳೆಯದರ ಮೇಲೆಯೇ ಕೆಲಸ ಮುಂದುವರಿಸುತ್ತಾಳೆ.

ಕಿಟಕಿಯ ತಲೆಬರಹದಲ್ಲಿ 'ಮರ್ಜ್' ಬದಲು 'ರೀಬೇಸ್' (ನಿಮ್ಮ ಕಮಿಟ್‌ಗಳನ್ನು ಸರ್ವರಿನದರ ಮೇಲೆ ಮತ್ತೆ ಜೋಡಿಸುವುದು) ಎಂದಿದ್ದರೆ ಎಚ್ಚರ. ಆಗ 'ಹೆಡ್' ಎಂಬ ಪಾಲು ಸರ್ವರಿನಿಂದ ಬಂದದ್ದು, ಕೆಳಗಿನದು ನಿಮ್ಮದು. ಪಕ್ಷ ನೋಡಿ ಆರಿಸದೆ ಸಾಲು ಓದಿ ಆರಿಸಿ.

ಇನ್ನು ಎರಡು ಬಟನ್‌ಗಳ ಬಗ್ಗೆ. 'ಡಿಸ್ಕಾರ್ಡ್ ಚೇಂಜಸ್' ಕಮಿಟ್ ಆಗದ ಬದಲಾವಣೆಯನ್ನು ತೆಗೆದುಹಾಕುತ್ತದೆ, ಗಿಟ್‌ಗೆ ಅದರ ನೆನಪೇ ಇರುವುದಿಲ್ಲ. ಇಡೀ ಫೈಲನ್ನು ಹಾಗೆ ಮಾಡಿದ್ದರೆ ವಿಂಡೋಸ್‌ನ ರೀಸೈಕಲ್ ಬಿನ್‌ನಲ್ಲಿ ಹುಡುಕಿ, ಡೆಸ್ಕ್‌ಟಾಪ್ ಹಳೆಯ ಪ್ರತಿಯನ್ನು ಅಲ್ಲಿಗೆ ಹಾಕುತ್ತದೆ. 'ಫೋರ್ಸ್ ಪುಶ್' ಮೇಲೆ ಹೇಳಿದ ತಡೆಯನ್ನೇ ಮೀರುತ್ತದೆ. ಮೂರು ಮಂದಿ ಹಂಚಿಕೊಂಡ ಮೇನ್ ಬ್ರಾಂಚಿನಲ್ಲಿ ಅದನ್ನು ಮುಟ್ಟಬೇಡಿ.

ಕನ್ನಡ ಹೆಸರುಗಳಿರುವ ಪ್ರಾಜೆಕ್ಟಿಗೆ ಇನ್ನೊಂದು ತೊಡಕಿದೆ. ಫೈಲ್ ಯುಟಿಎಫ್-16 (ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಒಂದು ಕ್ರಮ) ಆಗಿ ಸೇವ್ ಆಗಿದ್ದರೆ ಗಿಟ್ ಅದನ್ನು ಪಠ್ಯ ಎಂದು ಗುರುತಿಸುವುದಿಲ್ಲ, ಬೈನರಿ ಎನ್ನುತ್ತದೆ. ಆಗ ಸಾಲುಗಳ ವ್ಯತ್ಯಾಸವೂ ಕಾಣದು, ಮರ್ಜೂ ಆಗದು. ಎಕ್ಸೆಲ್‌ನ 'ಯುನಿಕೋಡ್ ಟೆಕ್ಸ್ಟ್' ಆಯ್ಕೆಯಿಂದ ಆಗುವುದು ಇದೇ. ಬರೀ 'ಸಿಎಸ್‌ವಿ' ಆರಿಸಿದರೆ ಕನ್ನಡ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಉಳಿಯುತ್ತವೆ. 'ಸಿಎಸ್‌ವಿ ಯುಟಿಎಫ್-8' ಎಂಬುದನ್ನೇ ಆರಿಸಿ.

ಮುಂದೆ ಇದು ಪದೇ ಪದೇ ಆಗದಿರಲು ದಿನದ ಕೆಲಸ ಶುರು ಮಾಡುವ ಮುಂಚೆ ಪುಲ್ ಮಾಡಿ, ಕಮಿಟ್ ಆದದ್ದನ್ನು ಸಂಜೆಯೊಳಗೆ ಪುಶ್ ಮಾಡಿ. ಅದಕ್ಕಿಂತ ಹೆಚ್ಚು ಉಪಯೋಗ ಆಗುವುದು ಫೈಲ್ ಒಡೆಯುವುದರಿಂದ. ಎಲ್ಲ ದಿನಗಳ ದರ ಒಂದೇ ಫೈಲಿನಲ್ಲಿದ್ದರೆ ಇಬ್ಬರೂ ಅದರ ತುದಿಗೇ ಸಾಲು ಸೇರಿಸುತ್ತೀರಿ, ಜಗಳ ಖಚಿತ. ದಿನಕ್ಕೊಂದು ಫೈಲ್ ಮಾಡಿ, ಅವತ್ತಿನ ದರ ತುಂಬುವವರು ಯಾರೆಂದು ಮೊದಲೇ ಮಾತಾಡಿಕೊಳ್ಳಿ. ಆಗ ಹಾವೇರಿಯವನು ಸೋಮವಾರದ ಫೈಲ್ ತುಂಬುತ್ತಿರುವಾಗ ನೀವು ಗುರುವಾರದ್ದನ್ನು ನಿಶ್ಚಿಂತೆಯಿಂದ ತಿದ್ದಬಹುದು, ಗಿಟ್ ಎರಡನ್ನೂ ತಾನೇ ಕೂಡಿಸಿಕೊಳ್ಳುತ್ತದೆ.