ಟಾರ್ಬೋಲ್ಟನ್ ಎಂಬ ರೀಲಿನ ಜಾಡು ಹಿಡಿದು

1934ರಲ್ಲಿ ನ್ಯೂಯಾರ್ಕಿನಲ್ಲಿ ಪಿಟೀಲು ವಾದಕ ಮೈಕಲ್ ಕೋಲ್ಮನ್ ಡೆಕ್ಕಾ ಎಂಬ ಗ್ರಾಮಫೋನ್ ಕಂಪನಿಗಾಗಿ ಮೂರು ರೀಲುಗಳನ್ನು ಒಂದರ ಬೆನ್ನಿಗೊಂದು ನುಡಿಸಿದರು: ಟಾರ್ಬೋಲ್ಟನ್, ಲಾಂಗ್‌ಫರ್ಡ್ ಕಲೆಕ್ಟರ್, ಸೇಲರ್ಸ್ ಬಾನೆಟ್. ರೀಲು ಎಂದರೆ ಇಲ್ಲಿ ಮೊಬೈಲಿನಲ್ಲಿ ನೋಡುವಂಥದ್ದಲ್ಲ. ಐರ್ಲೆಂಡ್, ಸ್ಕಾಟ್ಲೆಂಡುಗಳ ಒಂದು ಕುಣಿತ, ಮತ್ತು ಆ ಕುಣಿತದ ಮಟ್ಟು. ಕೋಲ್ಮನ್ ಹುಟ್ಟಿದ್ದು 1891ರಲ್ಲಿ, ಐರ್ಲೆಂಡಿನ ಸ್ಲೈಗೋ ಸೀಮೆಯಲ್ಲಿ. ಅಮೆರಿಕಕ್ಕೆ ಹೋದದ್ದು 1914ರಲ್ಲಿ. ಅಲ್ಲಿ ಅವರು ನುಡಿಸಿದ ಗ್ರಾಮಫೋನ್ ತಟ್ಟೆಗಳು ಹಡಗು ಹತ್ತಿ ಊರಿಗೆ ಬಂದವು. ಹಳ್ಳಿಯ ವಾದಕರು ಮುಳ್ಳನ್ನು ಎತ್ತಿ ಎತ್ತಿ ಇಟ್ಟು, ಒಂದೊಂದು ತುಣುಕನ್ನೂ ಕಿವಿಯಲ್ಲೇ ಕಲಿತರು.

ಮೂರು ಮಟ್ಟುಗಳೇ ಏಕೆ? ರೀಲಿಗೆ ಸಾಮಾನ್ಯವಾಗಿ ಎರಡು ಭಾಗ. ಒಂದೊಂದರಲ್ಲಿ ಎಂಟು ಆವರ್ತ, ಪ್ರತಿ ಭಾಗವೂ ಎರಡು ಸಲ. ಒಟ್ಟು 32 ಆವರ್ತಗಳ ಒಂದು ಸುತ್ತು ಮುಗಿಯಲು ಕುಣಿತದ ವೇಗದಲ್ಲಿ ಸುಮಾರು 35 ಸೆಕೆಂಡು ಸಾಕು. ಹತ್ತಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದದ್ದು ಮೂರು ನಿಮಿಷದ ಆಸುಪಾಸು, ಅಂದರೆ ಐದು ಸುತ್ತು. ಒಂದೇ ಮಟ್ಟನ್ನು ಐದು ಸಲ ತಿರುಗಿಸುವುದಕ್ಕಿಂತ ಮೂರನ್ನು ಪೋಣಿಸುವುದು ಚೆಂದ.

ಈ ತಟ್ಟೆಯನ್ನು ಕೇಳಿ ಸ್ವರಲಿಪಿ ಬರೆಯಲು ಕೂತವರಿಗೆ ಮೊದಲ ತೊಡಕು ಶ್ರುತಿಯದು. ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗಬೇಕು ಎಂಬುದು ನಿಯಮ. ಹಳೆಯ ಧ್ವನಿಮುದ್ರಣಗಳಲ್ಲಿ ಅದು ಅತ್ತಿತ್ತ ಆಗುತ್ತಿತ್ತು. 78ರ ಬದಲು 80 ಸುತ್ತು ತಿರುಗಿಸಿದರೂ ಶ್ರುತಿ ಅರ್ಧ ಸ್ವರದ ಹತ್ತಿರಹತ್ತಿರ ಅರೆಪಾಲು ಏರುತ್ತದೆ. 82.6ಕ್ಕೆ ಹೋದರೆ ಪೂರ್ತಿ ಅರ್ಧ ಸ್ವರ. ಕೇಳಿದ ಶ್ರುತಿ ಮೇಲಿದ್ದರೆ ವಾದಕರು ತಂತಿ ಬಿಗಿದಿದ್ದರೋ, ಯಂತ್ರದ ವೇಗ ತಪ್ಪಿತ್ತೋ? ಕೆಲವು ತಟ್ಟೆಗಳ ಹಿನ್ನೆಲೆಯಲ್ಲಿ ಕರೆಂಟಿನ ಸಣ್ಣ ಗುಂಯ್‌ಗುಟ್ಟುವಿಕೆ ಉಳಿದಿರುತ್ತದೆ. ಅಮೆರಿಕದ ಕರೆಂಟು ಸೆಕೆಂಡಿಗೆ 60 ಆವರ್ತನದ್ದು, ಹಾಗಾಗಿ ಆ ಗುಂಯ್ 60ಕ್ಕೋ ಅದರ ಗುಣಕಕ್ಕೋ ಹೊಂದುವಂತೆ ವೇಗ ತಿದ್ದಬಹುದು. ಬೆರಳೊತ್ತದೆ ಬಿಟ್ಟ ತಂತಿಯ ನಾದ ಇನ್ನೊಂದು ಸಾಕ್ಷಿ. ಅದು ಬೆರಳೊತ್ತಿದ ತಂತಿಗಿಂತ ಬಿಚ್ಚಿ ಮೊಳಗುತ್ತದೆ. ಎಲ್ಲೆಲ್ಲಿ ಮೊಳಗಿತು ಎಂದು ಗುರುತಿಸಿಕೊಂಡರೆ ಕೈ ತಂತಿಯ ಮೇಲೆ ಹೇಗೆ ಓಡಿತ್ತೆಂಬುದು ಗೊತ್ತಾಗುತ್ತದೆ. ಬರೆಯುವವರು ನಂಬುವುದು ಆ ಕೈಯನ್ನು, ಯಂತ್ರವನ್ನಲ್ಲ.

ಆಮೇಲೆ ಅಲಂಕಾರಗಳು. ‘ರೋಲ್’ ಎಂಬ ಗಮಕದಲ್ಲಿ ಮೂರು ಸ್ವರಗಳ ಅವಧಿಯಲ್ಲಿ ಐದು ಸುಳಿಯುತ್ತವೆ: ಮೂಲ ಸ್ವರ, ಮೇಲಿನದು, ಮತ್ತೆ ಮೂಲ, ಕೆಳಗಿನದು, ಮತ್ತೆ ಮೂಲ. ವೇಗದಲ್ಲಿ ಕೇಳುವಾಗ ಒಂದು ಗುಂಡನೆಯ ಉರುಳು, ಅಷ್ಟೇ. ಟೇಪಿನ ಕಾಲದಲ್ಲಿ ವೇಗ ಅರ್ಧಕ್ಕಿಳಿಸಿ ಒಂದು ಸ್ಥಾಯಿ ಕೆಳಗೆ ಕೇಳಿ ಬಿಡಿಸುತ್ತಿದ್ದರು. ಈಗಿನ ಕಂಪ್ಯೂಟರು ಶ್ರುತಿ ಕೆಡಿಸದೆಯೇ ನಿಧಾನಿಸಿ ಕೊಡುತ್ತದೆ. ಇಷ್ಟು ಮಾಡಿದರೂ ಒಂದು ಸಂಗತಿ ಕಾಗದಕ್ಕೆ ಬರುವುದೇ ಇಲ್ಲ. ಸ್ವರಗಳನ್ನು ಸಮಸಮ ಉದ್ದವಾಗಿ ಬರೆಯುತ್ತಾರೆ, ನುಡಿಸುವಾಗ ಜೋಡಿಯ ಮೊದಲನೆಯದು ತುಸು ಹೆಚ್ಚು ಹೊತ್ತು ನಿಲ್ಲುತ್ತದೆ. ಎಷ್ಟು ಹೊತ್ತು ಎಂಬುದು ಊರಿಂದೂರಿಗೆ, ಕೈಯಿಂದ ಕೈಗೆ ಬೇರೆ. ಆ ತೂಗು ಇಲ್ಲದೆ ರೀಲು ಕುಣಿಯುವುದಿಲ್ಲ.

ಕೋಲ್ಮನ್‌ಗಿಂತ ಹಿಂದಕ್ಕೆ ಹೋದರೆ ಜಾಡು ಕಾಗದದಲ್ಲೇ ಸಿಗಬೇಕು. ಕಾರ್ಕ್ ಸೀಮೆಯಲ್ಲಿ 1848ರಲ್ಲಿ ಹುಟ್ಟಿದ ಫ್ರಾನ್ಸಿಸ್ ಓ'ನೀಲ್ ಶಿಕಾಗೋದ ಪೊಲೀಸ್ ಮುಖ್ಯಸ್ಥರಾಗಿದ್ದವರು. ಅಲ್ಲಿನ ವಲಸಿಗರ ನೆನಪಿನಲ್ಲಿದ್ದ ಮಟ್ಟುಗಳನ್ನು ಕೂಡಿಸಿ 1903ರಲ್ಲಿ 1,850 ಮಟ್ಟುಗಳ ಸಂಗ್ರಹ ಅಚ್ಚು ಹಾಕಿಸಿದರು. ಫ್ರಾನ್ಸಿಸ್‌ರ ತಲೆಯಲ್ಲಿದ್ದುದನ್ನು ಸ್ವರಲಿಪಿಗಿಳಿಸಿದ್ದು ಅವರದೇ ಇಲಾಖೆಯ ಪಿಟೀಲುಗಾರ ಜೇಮ್ಸ್ ಓ'ನೀಲ್. ಇನ್ನು ಟಾರ್ಬೋಲ್ಟನ್ ಎಂಬ ಹೆಸರೇ ಐರ್ಲೆಂಡಿನದಲ್ಲ. ಅದು ಸ್ಕಾಟ್ಲೆಂಡಿನ ಏರ್‌ಶೈರಿನ ಒಂದು ಹಳ್ಳಿ. ಕವಿ ರಾಬರ್ಟ್ ಬರ್ನ್ಸ್ 1781ರಲ್ಲಿ ಫ್ರೀಮೇಸನ್ ಎಂಬ ಸೋದರ ಸಂಘದ ಸದಸ್ಯ ಆದದ್ದು ಅಲ್ಲಿನ ಲಾಡ್ಜಿನಲ್ಲಿ, ಅಂದರೆ ಆ ಸಂಘದ ಶಾಖೆಯಲ್ಲಿ. ಸ್ಕಾಟ್ಲೆಂಡಿನವರಲ್ಲಿ ಈ ಮಟ್ಟು ‘ಟಾರ್ಬೋಲ್ಟನ್ ಲಾಡ್ಜ್’. ಸಮುದ್ರ ದಾಟುವಾಗ ಹೆಸರಿನ ಬಾಲ ಉದುರಿದೆ.

ಹೆಸರು ಹೀಗೆ ಬದಲಾಗುವುದರಿಂದ ಹೆಸರು ಹಿಡಿದು ಹುಡುಕಿದರೆ ದಾರಿ ತಪ್ಪುತ್ತದೆ. ಒಂದೇ ಮಟ್ಟಿಗೆ ಹತ್ತು ಹೆಸರು, ಒಂದೇ ಹೆಸರಿಗೆ ಮೂರು ಮಟ್ಟು. ಡಬ್ಲಿನ್ನಿನ ಸರ್ಕಾರಿ ನೌಕರ, ಪೈಪು (ಗಾಳಿಚೀಲದ ವಾದ್ಯ) ನುಡಿಸುತ್ತಿದ್ದ ಬ್ರೆಂಡನ್ ಬ್ರಾನಖ್ (1912–1985) ಇದಕ್ಕೆ ಕಂಡುಕೊಂಡ ಉಪಾಯ ನನಗೆ ತುಂಬ ಇಷ್ಟ. ಮಟ್ಟಿನ ಆರಂಭದಲ್ಲಿ ಒತ್ತು ಬೀಳುವ ಸ್ವರಗಳನ್ನಷ್ಟೇ ಆರಿಸಿ, ಅಂಕಿಗಳಾಗಿಸಿ, ಕಾರ್ಡುಗಳಲ್ಲಿ ಬರೆದು ಜೋಡಿಸುವುದು. ‘ಡ್ರೌಸಿ ಮ್ಯಾಗಿ’ ಎಂಬ ಜನಪ್ರಿಯ ರೀಲನ್ನು ನೋಡಿ. ನಮ್ಮ ಸ್ವರಗಳಲ್ಲಿ ಅದರ ಮೊದಲ ಆವರ್ತ: ಸಾ ಪಸ ನಿಸ ಪಸ. ಎರಡನೆಯದು: ಸಾ ಪಸ ಮರಿ ನಿರಿ (ಈ ಕೊನೆಯ ನಿ ಮಂದ್ರದ್ದು). ಎಂಟೆಣಿಕೆಯಲ್ಲಿ ಒಂದು, ಮೂರು, ಐದು, ಏಳರ ಮೇಲೆ ಬೀಳುವುದು ಸ-ಪ-ನಿ-ಪ, ಸ-ಪ-ಮ-ನಿ. ಅಂಕಿಯಲ್ಲಿ 1575, 1547. ನಡುವಿನ ಸ್ವರಗಳನ್ನು ವಾದಕರು ಹೇಗಾದರೂ ತಿರುವಲಿ, ಈ ಕಂಬಗಳು ಸಾಮಾನ್ಯವಾಗಿ ಅಲುಗುವುದಿಲ್ಲ. ಅಂಥ ಸಾವಿರಾರು ಕಾರ್ಡುಗಳನ್ನು ಅವರು ಕೈಯಾರೆ ಬರೆದರು.

ಇಂದು ಅದೇ ಕೆಲಸಕ್ಕೆ ಎಬಿಸಿ ಲಿಪಿ ಇದೆ. ಕ್ರಿಸ್ ವಾಲ್ಷಾ ರೂಪಿಸಿದ ಇದರಲ್ಲಿ ಮಟ್ಟು ಬರೀ ಕೀಲಿಮಣೆಯ ಅಕ್ಷರಗಳ ಸಾಲು. ಅಕ್ಷರವಾದ ಮೇಲೆ ಹೋಲಿಕೆ ಅಳೆಯಬಹುದು: ಸಪನಿಪ, ಸಗನಿಪ ಎಂಬೆರಡರ ನಡುವೆ ತಿದ್ದಬೇಕಾದದ್ದು ಒಂದು ಸ್ವರ, ಹಾಗಾಗಿ ದೂರ ಒಂದು. ಡಬ್ಲಿನ್ನಿನ ಬ್ರಯನ್ ಡಗನ್ ಮಾಡಿದ ಟ್ಯೂನ್‌ಪಾಲ್ ಎಂಬ ತಂತ್ರಾಂಶ ಹೀಗೇ ಕೊಳಲೋ ಪಿಟೀಲೋ ಕೇಳಿಸಿಕೊಂಡು, ಅಕ್ಷರವಾಗಿಸಿ, ಅತಿ ಸಮೀಪದ ಮಟ್ಟನ್ನು ಹೆಕ್ಕಿ ಕೊಡುತ್ತದೆ.

ಆದರೆ ಕೋಲ್ಮನ್‌ರ ಆ ತಟ್ಟೆಯ ಗುರುತು ಇನ್ನೊಂದು ಕಡೆ ಉಳಿದಿದೆ. ವಾದಕರು ಸುತ್ತ ಕೂತು ಟಾರ್ಬೋಲ್ಟನ್ ಎತ್ತಿಕೊಂಡರೆಂದರೆ, ಮುಗಿಯುವ ಹೊತ್ತಿಗೆ ಯಾರೂ ಏನೂ ಹೇಳದೆಯೇ ಕೈಗಳು ಲಾಂಗ್‌ಫರ್ಡ್ ಕಲೆಕ್ಟರಿಗೆ ಹೊರಳುತ್ತವೆ, ಅದರ ನಂತರ ಸೇಲರ್ಸ್ ಬಾನೆಟ್‌ಗೆ.