ಎಚ್‌ಐವಿ, ಜಿಡ್ಡಿನೂಟ ಮತ್ತು ರಕ್ತನಾಳದ ಒಳಗೋಡೆ

ಮುಂಗೈಗೆ ಬಿ.ಪಿ. ಪಟ್ಟಿ ಸುತ್ತಿ ಗಾಳಿ ತುಂಬಿ, ಐದು ನಿಮಿಷ ರಕ್ತದ ಓಡಾಟ ತಡೆಯುತ್ತಾರೆ. ಕೈ ಜೋಮು ಹಿಡಿಯುತ್ತದೆ. ಪಟ್ಟಿ ಸಡಿಲಿಸಿದ ಕೂಡಲೇ ರಕ್ತ ನುಗ್ಗುತ್ತದೆ. ಆಗ ತೋಳಿನ ಅಪಧಮನಿ ಎಷ್ಟು ಹಿಗ್ಗಿತು ಎಂದು ಅಲ್ಟ್ರಾಸೌಂಡ್‌ನಲ್ಲಿ ಅಳೆಯುತ್ತಾರೆ. ಹಿಗ್ಗುವುದು ಮಿಲಿಮೀಟರಿನ ಒಂದು ಚೂರಷ್ಟೇ, ಆದರೆ ಆ ಚೂರಿನಲ್ಲೇ ನಾಳದ ಆರೋಗ್ಯ ಅಡಗಿದೆ. ನಾಳವನ್ನು ಸಡಿಲಿಸುವುದು ನೈಟ್ರಿಕ್ ಆಕ್ಸೈಡ್. ಅದನ್ನು ತಯಾರಿಸುವುದು ನಾಳದ ಒಳಮೈಗೆ ಹಾಸಿದಂತಿರುವ, ಒಂದೇ ಒಂದು ಕೋಶದಷ್ಟು ದಪ್ಪದ ಪದರ.

ತುಂಬಾ ಜಿಡ್ಡಿನ ಊಟ ಮಾಡಿ ಮೂರು-ನಾಲ್ಕು ಗಂಟೆಯಾದ ಮೇಲೆ ಇದೇ ಪರೀಕ್ಷೆ ಮಾಡಿದರೆ, ಗಟ್ಟಿಮುಟ್ಟಾದವರಲ್ಲೂ ನಾಳ ಮೊದಲಿನಷ್ಟು ಹಿಗ್ಗದಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಅವರಲ್ಲಿ ಆ ಪದರ ಕೆಲಹೊತ್ತಿನಲ್ಲೇ ಸುಧಾರಿಸಿಕೊಳ್ಳುತ್ತದೆ. ಎಚ್‌ಐವಿ ಇರುವ ಹಲವರಲ್ಲಿ ಅದು ಮೊದಲೇ ದಣಿದಿರುತ್ತದೆ.

ದಣಿವಿನ ಒಂದು ಮೂಲ ಕರುಳಿನಲ್ಲಿದೆ. ಸೋಂಕು ತಗುಲಿದ ಮೊದಲ ವಾರಗಳಲ್ಲೇ ಕರುಳಿನ ಗೋಡೆಯಲ್ಲಿರುವ ಸಿಡಿ4 ಎಂಬ ರೋಗನಿರೋಧಕ ಕೋಶಗಳು ಅಪಾರ ಸಂಖ್ಯೆಯಲ್ಲಿ ಸಾಯುತ್ತವೆ. ಚಿಕಿತ್ಸೆ ಶುರುವಾದ ಮೇಲೂ ಕರುಳಿನ ಗೋಡೆಯೆಂಬ ಆ ಬೇಲಿ ಪೂರ್ತಿ ದುರಸ್ತಿಯಾಗುವುದಿಲ್ಲ. ಬ್ಯಾಕ್ಟೀರಿಯಾಗಳ ಹೊರಕವಚದ ತುಣುಕುಗಳು ರಕ್ತಕ್ಕೆ ಸೋರುತ್ತವೆ, ರೋಗನಿರೋಧಕ ಕೋಶಗಳು ವರ್ಷಗಟ್ಟಲೆ ಕೆರಳಿದಂತೆಯೇ ಇರುತ್ತವೆ. ಈ ಉರಿಯೂತವೇ ನಾಳದ ಪದರವನ್ನು ದಣಿಸುತ್ತದೆ. ಕರುಳಿನಿಂದ ಕೊಬ್ಬನ್ನು ಹೊತ್ತೊಯ್ಯುವ ಕಣಗಳ ಬೆನ್ನೇರಿಯೂ ಈ ತುಣುಕುಗಳು ಸಾಗಬಲ್ಲವು. ಈ ಸಂಗತಿ ತಿಳಿದಾಗಿನಿಂದ, ಬರೀ ಕೊಲೆಸ್ಟ್ರಾಲ್ ರಿಪೋರ್ಟು ನೋಡಿ ನಿಶ್ಚಿಂತರಾಗುವುದು ನನಗೆ ಸರಿಯೆನಿಸಿಲ್ಲ.

ಮಾತ್ರೆಗಳ ಪಾಲೂ ಇದೆ. ಎಚ್‌ಐವಿಯ ಹಳೆಯ ಕೆಲವು ಔಷಧಗಳು, ಮುಖ್ಯವಾಗಿ ರಿಟೊನಾವಿರ್, ರಕ್ತದಲ್ಲಿನ ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನು ಏರಿಸುತ್ತವೆ. ಹಾಗಂತ ಹೆದರಿ ಮಾತ್ರೆ ಬಿಟ್ಟರೆ ಇನ್ನೂ ಕೆಡುಕು: 2006ರಲ್ಲಿ ಪ್ರಕಟವಾದ ಸ್ಮಾರ್ಟ್ ಅಧ್ಯಯನದಲ್ಲಿ ಚಿಕಿತ್ಸೆಯನ್ನು ಆಗಾಗ ನಿಲ್ಲಿಸಿದವರಿಗೇ ಹೃದ್ರೋಗ ಸೇರಿದಂತೆ ತೊಂದರೆಗಳು ಹೆಚ್ಚಾದವು. ವೈರಸ್ ತಲೆಯೆತ್ತಿದರೆ ಉರಿಯೂತವೂ ತಲೆಯೆತ್ತುತ್ತದೆ.

ಕೊಬ್ಬನ್ನೇ ಪೂರ್ತಿ ಬಿಡಬೇಕಿಲ್ಲ. ಯಾವ ಕೊಬ್ಬು ಎಂಬುದೇ ಮುಖ್ಯ. ಬೆಣ್ಣೆ, ಕೊಬ್ಬಿನ ಮಾಂಸ, ವನಸ್ಪತಿಯ ಜಾಗಕ್ಕೆ ಬೀಜಗಳು, ಮೀನು, ಅಪರ್ಯಾಪ್ತ (ಅನ್‌ಸ್ಯಾಚುರೇಟೆಡ್) ಕೊಬ್ಬಿನ ಎಣ್ಣೆಗಳು ಬಂದರೆ ಕೆಟ್ಟ ಕೊಲೆಸ್ಟ್ರಾಲ್ ಇಳಿಯುತ್ತದೆ.

2023ರಲ್ಲಿ ರಿಪ್ರೀವ್ ಎಂಬ ಪ್ರಯೋಗ ದೊಡ್ಡ ಭರವಸೆ ತಂದಿತು. 12 ದೇಶಗಳ, 40ರಿಂದ 75 ವಯಸ್ಸಿನ 7,769 ಎಚ್‌ಐವಿ ಸೋಂಕಿತರು ಅದರಲ್ಲಿ ಭಾಗವಹಿಸಿದ್ದರು. ಅವರ ಹೃದಯದ ಅಪಾಯ ಲೆಕ್ಕದ ಪ್ರಕಾರ ತೀರಾ ಹೆಚ್ಚೇನೂ ಇರಲಿಲ್ಲ. ಆದರೂ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಗುಂಪಿನ ಪಿಟವಾಸ್ಟ್ಯಾಟಿನ್ ಮಾತ್ರೆ, ದಿನಕ್ಕೊಂದರಂತೆ, ಹೃದಯಾಘಾತ, ಪಾರ್ಶ್ವವಾಯುವಿನಂಥ ಗಂಡಾಂತರಗಳನ್ನು ಸುಮಾರು ಶೇ. 35ರಷ್ಟು ತಗ್ಗಿಸಿತು. ಸ್ಟ್ಯಾಟಿನ್‌ಗಳೆಲ್ಲ ಒಂದೇ ಎಂದುಕೊಳ್ಳಬೇಡಿ. ಎಚ್‌ಐವಿ ಚಿಕಿತ್ಸೆಯಲ್ಲಿ ಬಳಸುವ ರಿಟೊನಾವಿರ್ ಅಥವಾ ಕೊಬಿಸಿಸ್ಟಾಟ್ ಜೊತೆ ಸಿಮ್ವಾಸ್ಟ್ಯಾಟಿನ್ ಸೇರಿದರೆ ಆ ಸ್ಟ್ಯಾಟಿನ್‌ನ ಪ್ರಮಾಣ ರಕ್ತದಲ್ಲಿ ವಿಪರೀತ ಏರಿ ಸ್ನಾಯುಗಳಿಗೇ ಹಾನಿಯಾಗಬಹುದು. ಹೃದಯದ ವೈದ್ಯರ ಬಳಿ ಹೋಗುವಾಗ ಎಚ್‌ಐವಿ ಮಾತ್ರೆಗಳ ಚೀಟಿಯೂ ಕೈಯಲ್ಲಿರಲಿ.