ಲ್ಯಾಂಡ್ ಯೂಸ್ ಅಂದ್ರೆ ಎಂತ, ಮೆಟ್ರೋ ಸ್ಟೇಷನ್ ರಶ್‌ಗೂ ಅದಕ್ಕೂ ಎಂತ ಸಂಬಂಧ

ಮಂಗಳೂರಿಗೆ ಮೆಟ್ರೋ ಬೇಕಾ ಅನ್ನುವ ಮಾತು ಬಂದಾಗೆಲ್ಲ ಚರ್ಚೆ ಒಂದೇ ಪ್ರಶ್ನೆ ಹತ್ರ ಬಂದು ನಿಲ್ತದೆ, "ಅಷ್ಟು ಜನ ಉಂಟಾ ಇಲ್ಲಿ?" ಅಂತ. ಕೇಳ್ಬೇಕಾದ ಪ್ರಶ್ನೆಯೇ, ಆದ್ರೆ ಅದು ಅರ್ಧ ಮಾತ್ರ. ಆ ಜನ ಯಾವ ಹೊತ್ತಿಗೆ ಹೊರಡ್ತಾರೆ, ಯಾವ ದಿಕ್ಕಿಗೆ ಹೋಗ್ತಾರೆ, ಆದಿತ್ಯವಾರವೂ ಬರ್ತಾರಾ, ಇದೆಲ್ಲ ಗೊತ್ತಾಗದೆ ಬರೀ ತಲೆ ಎಣಿಸಿದ್ರೆ ಸ್ಟೇಷನ್ ಬಗ್ಗೆ ಏನೂ ಗೊತ್ತಾಗುದಿಲ್ಲ. ಮತ್ತೆ ಇದನ್ನೆಲ್ಲ ತೀರ್ಮಾನ ಮಾಡುದು ಸ್ಟೇಷನ್ನಿನ ಸುತ್ತಮುತ್ತ ಇರುವ ಜಾಗದಲ್ಲಿ ಎಂತ ಉಂಟು ಅನ್ನುದು: ಮನೆಗಳಾ, ಆಫೀಸಾ, ಮಾರ್ಕೆಟ್ಟಾ, ಕಾಲೇಜಾ, ಆಸ್ಪತ್ರೆಯಾ, ಖಾಲಿ ಗದ್ದೆಯಾ. ಇದಕ್ಕೇ ಲ್ಯಾಂಡ್ ಯೂಸ್ ಅಂತ ಹೆಸರು, ಸರ್ಕಾರಿ ಕಾಗದದಲ್ಲಿ ಭೂಬಳಕೆ ಅಂತ ಬರೀತಾರೆ. ಮೂಡಾದಲ್ಲಿ, ಅಂದ್ರೆ ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ, ಸೈಟಿನ ಕೆಲಸಕ್ಕೆ ಹೋದವರಿಗೆ ಮಾಸ್ಟರ್ ಪ್ಲಾನಿನ ಬಣ್ಣದ ನಕ್ಷೆ ಗೊತ್ತಿರ್ತದೆ, ಹಳದಿ ಇದ್ರೆ ವಸತಿ, ನೀಲಿ ಇದ್ರೆ ವಾಣಿಜ್ಯ, ನೇರಳೆ ಇದ್ರೆ ಕೈಗಾರಿಕೆ, ಅದೇ ನಕ್ಷೆ.

ಈಗ ಪೂರ್ತಿ ಹಳದಿ ಬಣ್ಣದ ನಡುವೆ ಇರುವ ಒಂದು ಸ್ಟೇಷನ್ ತಗೊಳ್ಳಿ. ಬೆಳಿಗ್ಗೆ 8ರಿಂದ 10ರವರೆಗೆ ಗೇಟಿನ ಒಳಗೆ ಹೋಗುವವರೇ ಹೋಗುವವರು, ಹೊರಗೆ ಬರುವವರು ಬೆರಳೆಣಿಕೆ. ಮಧ್ಯಾಹ್ನ ಪ್ಲ್ಯಾಟ್‌ಫಾರ್ಮ್ ಖಾಲಿ ಹೊಡೀತದೆ. ಸಂಜೆ 6 ಆದ ಮೇಲೆ ಪೂರ್ತಿ ಉಲ್ಟಾ, ಎಲ್ಲರೂ ಹೊರಗೆ ಬರುವವರು. ಆಫೀಸ್ ಏರಿಯಾದ ಸ್ಟೇಷನ್ನಿನಲ್ಲಿ ಇದೇ ಚಿತ್ರ ತಿರುಗಿಸಿ ಇಟ್ಟ ಹಾಗೆ, ಬೆಳಿಗ್ಗೆ ಹೊರಗೆ, ಸಂಜೆ ಒಳಗೆ. ಶಾಲೆ ಕಾಲೇಜು ಇರುವಲ್ಲಿ ಎರಡನೇ ರಶ್ ಸಂಜೆಗೆ ಕಾಯುದಿಲ್ಲ, 3.30-4 ಗಂಟೆಗೇ ಬರ್ತದೆ, ರಜೆ ಬಂದ್ರೆ ಎರಡು ತಿಂಗಳು ಕಾಣೆ. ಮಾರ್ಕೆಟ್ಟಿನ ಹತ್ರ ಬೆಳಿಗ್ಗೆ 8ಕ್ಕೆ ಯಾರೂ ಇಲ್ಲ, 11ಕ್ಕೆ ಶುರುವಾಗಿ ರಾತ್ರಿ 8ರ ತನಕ ಸಾಧಾರಣ ಒಂದೇ ಲೆವೆಲ್ಲಿಗೆ ಹೋಗ್ತಾ ಇರ್ತದೆ, ಹಬ್ಬದ ಹಿಂದಿನ ದಿನ ಮಾತ್ರ ಕಾಲಿಡ್ಲಿಕ್ಕೆ ಜಾಗ ಇಲ್ಲ. ದೊಡ್ಡ ಆಸ್ಪತ್ರೆಯದ್ದು ಬೇರೆಯೇ ನಮೂನೆ, ಬೆಳಿಗ್ಗೆ ಓಪಿಡಿಗೆ ಬರುವವರು, ಮಧ್ಯಾಹ್ನ ಊಟ ತಗೊಂಡು ಬರುವ ಮನೆಯವರು, ಸಂಜೆ ನೋಡ್ಲಿಕ್ಕೆ ಬರುವ ನೆಂಟರು, ಶಿಫ್ಟ್ ಬದಲಾಗುವ ನರ್ಸ್‌ಗಳು, ಹೀಗೆ ದಿನವಿಡೀ ಹರಡಿಕೊಂಡಿರ್ತದೆ. ಮೆಟ್ರೋದಲ್ಲಿ ಕಾರ್ಡು ಟೋಕನ್ನು ಮುಟ್ಟಿಸುವ ಗೇಟು ಉಂಟಲ್ಲ, ಅದರಲ್ಲಿ ಒಳಗೆ ಹೋದದ್ದು ಹೊರಗೆ ಬಂದದ್ದು ಟೈಮ್ ಸಮೇತ ದಾಖಲಾಗ್ತದೆ. ಅದನ್ನ 15 ನಿಮಿಷಕ್ಕೊಂದರ ಹಾಗೆ ಗ್ರಾಫ್ ಮಾಡಿ ಸ್ಟೇಷನ್ ಹೆಸರು ಮುಚ್ಚಿ ಕೊಟ್ರೂ ಅಭ್ಯಾಸ ಇರುವವರು ಸುತ್ತ ಎಂತ ಉಂಟು ಅಂತ ಹೆಚ್ಚುಕಮ್ಮಿ ಹೇಳಿಬಿಡ್ತಾರೆ.

ಬೆಳಿಗ್ಗೆ ಒಂದೇ ದಿಕ್ಕಿಗೆ, ಸಂಜೆ ವಾಪಸ್ ಇನ್ನೊಂದು ದಿಕ್ಕಿಗೆ ನುಗ್ಗುವ ಈ ಓಡಾಟಕ್ಕೆ ಟೈಡಲ್ ಫ್ಲೋ ಅಂತಾರೆ, ಅಳಿವೆಬಾಗಿಲಲ್ಲಿ ಉಬ್ಬರಕ್ಕೆ ನೀರು ಹೊಳೆ ಒಳಗೆ ಏರಿ ಇಳಿತಕ್ಕೆ ಸಮುದ್ರಕ್ಕೆ ವಾಪಸ್ ಎಳೀತದಲ್ಲ, ಹಾಗೆ. ನನ್ನ ಪ್ರಕಾರ ಇಡೀ ವಿಷಯದ ಜೀವ ಇರುದು ಇಲ್ಲೇ. ಯಾಕಂದ್ರೆ ರೈಲು ಎಷ್ಟು ಬೇಕು, ಬೋಗಿ ಎಷ್ಟು ಬೇಕು, ಮೆಟ್ಟಿಲು ಎಷ್ಟು ಅಗಲ ಬೇಕು ಅಂತ ಲೆಕ್ಕ ಹಾಕುದು ಅತಿ ಜಾಸ್ತಿ ರಶ್ ಇರುವ ಆ ಒಂದು ಗಂಟೆಗೆ, ಆ ಒಂದು ದಿಕ್ಕಿಗೆ. ಒಂದು ತುದಿಯಲ್ಲಿ ಬರೀ ಮನೆ, ಇನ್ನೊಂದು ತುದಿಯಲ್ಲಿ ಬರೀ ಆಫೀಸ್ ಇದ್ರೆ ಹೋಗುವಾಗ ಬಾಗಿಲಿಗೆ ಬ್ಯಾಗ್ ಸಿಕ್ಕಿಹಾಕಿಕೊಳ್ಳುವಷ್ಟು ರಶ್, ಅದೇ ರೈಲು ವಾಪಸ್ ಬರುವಾಗ ಸೀಟೆಲ್ಲ ಖಾಲಿ. ಕರೆಂಟ್ ಎರಡೂ ಕಡೆಗೆ ಖರ್ಚಾಗ್ತದೆ, ಲೋಕೋ ಪೈಲಟ್‌ಗೆ ಸಂಬಳ ಎರಡೂ ಕಡೆಗೆ ಕೊಡ್ಬೇಕು, ಟಿಕೆಟ್ ದುಡ್ಡು ಮಾತ್ರ ಒಂದು ಕಡೆಯದ್ದು. ಮನೆ, ಆಫೀಸು, ಅಂಗಡಿ, ಕಾಲೇಜು ಬೆರೆತು ಇರುವ ದಾರಿಯಲ್ಲಿ ಅಷ್ಟೇ ಸಂಖ್ಯೆಯ ಜನ ಎರಡೂ ದಿಕ್ಕಿಗೆ ಹಂಚಿಹೋಗ್ತಾರೆ, ಕಡಿಮೆ ರೈಲಲ್ಲಿ ಆರಾಮಾಗಿ ಮುಗೀತದೆ.

ಇದನ್ನ ನೂರು ವರ್ಷದ ಹಿಂದೆಯೇ ಅರ್ಥ ಮಾಡ್ಕೊಂಡವನು ಜಪಾನಿನ ಇಚಿಜೊ ಕೊಬಯಾಶಿ. ಒಸಾಕಾದ ಉಮೆದಾದಿಂದ ತಕರಜುಕಾಗೆ ಅವನ ಕಂಪನಿಯ ರೈಲು ಶುರುವಾದದ್ದು 1910ರಲ್ಲಿ, ಆಗ ಆ ದಾರಿಯಲ್ಲಿ ಹೆಚ್ಚಾಗಿ ಹೊಲ ಗದ್ದೆಯೇ. ಅವನು ಎಂತ ಮಾಡಿದ ಅಂದ್ರೆ ಲೈನಿನ ಪಕ್ಕದ ಜಾಗ ತಗೊಂಡು ಮನೆ ಕಟ್ಟಿ ಕಂತಿನಲ್ಲಿ ಮಾರಿದ, ಬೆಳಿಗ್ಗೆ ಸಿಟಿಗೆ ಹೋಗುವ ಪ್ರಯಾಣಿಕರು ಸಿಕ್ಕಿದ್ರು. ಲೈನಿನ ಆಚೆ ತುದಿಯಲ್ಲಿ, ತಕರಜುಕಾದಲ್ಲಿ, ಬಿಸಿನೀರ ಸ್ನಾನದ ರೆಸಾರ್ಟು, 1914ರಿಂದ ಹುಡುಗಿಯರ ರಂಗತಂಡದ ಶೋ, ಹಾಗಾಗಿ ರಜೆ ದಿನ ಉಲ್ಟಾ ದಿಕ್ಕಿಗೂ ರೈಲು ತುಂಬಿತು. 1929ರಲ್ಲಿ ಸಿಟಿ ತುದಿಯ ಉಮೆದಾ ಸ್ಟೇಷನ್ನಿನಲ್ಲೇ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್ ತೆರೆದ, ಆಫೀಸ್ ಟೈಮ್ ಅಲ್ಲದ ಹೊತ್ತಿಗೆ ಶಾಪಿಂಗಿಗೆ ಬರುವವರು ಸಿಕ್ಕಿದ್ರು. ಪ್ರಯಾಣಿಕರು ಬರ್ಲಿ ಅಂತ ಕಾಯದೆ, ಯಾವ ಹೊತ್ತಿಗೆ ಯಾವ ದಿಕ್ಕಲ್ಲಿ ಸೀಟ್ ಖಾಲಿ ಉಂಟು ನೋಡಿ ಅಲ್ಲಿಗೆ ಸರಿಯಾದ ಲ್ಯಾಂಡ್ ಯೂಸ್ ಇಟ್ಟ, ನೋಡಿ. ಅದಕ್ಕೆ ತದ್ವಿರುದ್ಧ ಉದಾಹರಣೆ ಬೇಕಾದ್ರೆ ಲಂಡನ್ನಿನ ವಾಟರ್ಲೂ ಆ್ಯಂಡ್ ಸಿಟಿ ಲೈನ್. ಎರಡೇ ಸ್ಟೇಷನ್, ಒಂದು ಕಡೆ ದೊಡ್ಡ ರೈಲ್ವೆ ಸ್ಟೇಷನ್, ಇನ್ನೊಂದು ಕಡೆ ಬ್ಯಾಂಕು ಹಣಕಾಸು ಕಚೇರಿಗಳ ಏರಿಯಾ. ವೀಕೆಂಡಿನಲ್ಲಿ ಆ ಲೈನ್ ಓಡುದೇ ಇಲ್ಲ, ಆಫೀಸ್ ಇಲ್ಲದ ದಿನ ಅಲ್ಲಿಗೆ ಹೋಗುವವರು ಅಷ್ಟು ಕಡಿಮೆ.

ನಮ್ಮ ಮಕ್ಕಳು ದಿನಾ ಹೋಗುವ ಬೆಂಗಳೂರಿನ ಪರ್ಪಲ್ ಲೈನಿನಲ್ಲಿ ಇದೆಲ್ಲ ಕಣ್ಣಿಗೆ ಕಾಣ್ತದೆ. ಬೆಳಿಗ್ಗೆ ವೈಟ್‌ಫೀಲ್ಡ್ ಕಡೆ ರಶ್, ಐಟಿಪಿಎಲ್ ಟೆಕ್ ಪಾರ್ಕ್ ಹತ್ತಿರದ ಪಟ್ಟಂದೂರು ಅಗ್ರಹಾರದಲ್ಲಿ ಐಡಿ ಕಾರ್ಡ್ ನೇತು ಹಾಕಿಕೊಂಡವರು ಗುಂಪು ಗುಂಪಾಗಿ ಇಳೀತಾರೆ, ಅದಕ್ಕೇ ಪೀಕ್ ಹೊತ್ತಿಗೆ ಮೆಜೆಸ್ಟಿಕ್‌ನಿಂದ ಆ ಕಡೆಗೆ ಎಕ್ಸ್‌ಟ್ರಾ ಟ್ರಿಪ್ ಬಿಡ್ತಾರೆ. ವಿಧಾನಸೌಧ ಸ್ಟೇಷನ್ನಿಗೆ ಸರ್ಕಾರಿ ರಜೆ ಅಂದ್ರೆ ರಜೆಯೇ, ಪಕ್ಕದ ಕಬ್ಬನ್ ಪಾರ್ಕ್ ಸ್ಟೇಷನ್ನಿಗೆ ಅದೇ ದಿನ ಮಕ್ಕಳು ಮರಿ ಕಟ್ಟಿಕೊಂಡು ಜನ ಬರ್ತಾರೆ. ಇಂದಿರಾನಗರ ಒಂದು ಕಾಲದಲ್ಲಿ ಮನೆಗಳ ಏರಿಯಾ, ಈಗ ಹೋಟೆಲ್ಲು ಬ್ರ್ಯಾಂಡ್ ಅಂಗಡಿ ತುಂಬಿ ಸಂಜೆ ಮೇಲೆ ಮತ್ತೆ ಶನಿವಾರ ಆದಿತ್ಯವಾರ ಅಲ್ಲಿ ಇಳಿಯುವವರೇ ಜಾಸ್ತಿ. ಗ್ರೀನ್ ಲೈನಿನಲ್ಲಿರುವ ಕೆ.ಆರ್. ಮಾರ್ಕೆಟ್ಟಿನ ಹೂವಿನ ವ್ಯಾಪಾರ ನೋಡಿ, ಮೊದಲ ರೈಲು ಬರುವ ಮೊದಲೇ ಅರ್ಧ ಮುಗಿದಿರ್ತದೆ, ಅಂದ್ರೆ ಜಾಗದಲ್ಲಿ ಎಷ್ಟೇ ಗಲಾಟೆ ಇದ್ರೂ ಅದರ ಟೈಮೂ ಮೆಟ್ರೋದ ಟೈಮೂ ಕೂಡದಿದ್ರೆ ಆ ಜನ ಮೆಟ್ರೋ ಲೆಕ್ಕಕ್ಕೆ ಬರುದಿಲ್ಲ. ನಮ್ಮಲ್ಲಿ ದಕ್ಕೆಯ, ಅಂದ್ರೆ ಮೀನುಗಾರಿಕೆ ಬಂದರಿನ, ಮೀನಿನ ವ್ಯಾಪಾರಕ್ಕೂ ಇದೇ ಮಾತು, ಹೊತ್ತು ಒಂದೇ ಅಲ್ಲ, ಮೀನಿನ ಬುಟ್ಟಿ ಹಿಡ್ಕೊಂಡು ಮೆಟ್ರೋ ಹತ್ಲಿಕ್ಕೆ ಬಿಡ್ತಾರಾ?

ಆದ್ರೆ ಸ್ಟೇಷನ್ನಿನ ಪಕ್ಕದ ಜಾಗ ಒಂದನ್ನೇ ನೋಡಿದ್ರೆ ಎಡವುತ್ತೇವೆ, ಇದನ್ನ ವೈಟ್‌ಫೀಲ್ಡೇ ತೋರಿಸಿತು. ವೈಟ್‌ಫೀಲ್ಡ್‌ನಿಂದ ಕೆ.ಆರ್. ಪುರದವರೆಗೆ ಮೆಟ್ರೋ ಶುರುವಾದದ್ದು 2023ರ ಮಾರ್ಚಿನಲ್ಲಿ. ಕಂಪನಿಗಳು ಅವೇ, ಉದ್ಯೋಗಿಗಳು ಅವರೇ, ಆದ್ರೂ ರೈಲು ಖಾಲಿ ಖಾಲಿ, ಯಾಕಂದ್ರೆ ಬೈಯಪ್ಪನಹಳ್ಳಿವರೆಗಿನ ಒಂದು ಸಣ್ಣ ತುಂಡು ಬಾಕಿ ಇತ್ತು, ಆಚೆ ಇದ್ದ ಮನೆಗಳಿಗೆ ಈಚೆ ಆಫೀಸ್ ಸಿಗ್ತಿರಲಿಲ್ಲ. ಅಕ್ಟೋಬರಿನಲ್ಲಿ ಆ ತುಂಡು ಸೇರಿದ ಕೂಡ್ಲೇ ರಶ್ ಏರಿತು. ಮೆಜೆಸ್ಟಿಕ್ ಕಥೆ ಇನ್ನೊಂದು, ಅಲ್ಲಿಯ ರಶ್ ಆ ಜಾಗದ ಮನೆ ಅಂಗಡಿಯದ್ದಲ್ಲ, ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಷನ್ನು, ಎರಡು ಮೆಟ್ರೋ ಲೈನು ಕೂಡುವ ಜಾಗ ಅಂತ ಬಂದದ್ದು. ಲೈನಿನ ಕೊನೆಯ ಸ್ಟೇಷನ್ನುಗಳೂ ಹಾಗೇ, ದೂರದೂರದಿಂದ ಬೈಕಲ್ಲಿ ಬಸ್ಸಲ್ಲಿ ಬಂದು ಹತ್ತುವವರಿರ್ತಾರೆ.

ಪಕ್ಕದ ಜಾಗ ಅಂದ್ರೆ ಎಷ್ಟು ದೂರ? ಕೇಂದ್ರ ಸರ್ಕಾರದ 2017ರ ಟಿಓಡಿ ನೀತಿ, ಅಂದ್ರೆ ಸ್ಟೇಷನ್ ಸುತ್ತ ಒತ್ತಾಗಿ ಬೆರೆತು ಊರು ಕಟ್ಟುವ ಬಗ್ಗೆ ಇರುವ ನೀತಿ, ಅದರಲ್ಲಿ 500ರಿಂದ 800 ಮೀಟರ್ ಅಂತ ಉಂಟು, ಸುಮಾರು ಹತ್ತು ನಿಮಿಷದ ನಡಿಗೆ. ನಕ್ಷೆ ಮೇಲೆ ವೃತ್ತ ಎಳೆಯುದು ಸುಲಭ. ನಮ್ಮೂರಲ್ಲಿ ಆ ವೃತ್ತ ಉಳಿಯುದಿಲ್ಲ ಮಾರಾಯ್ರೆ. ಹಂಪನಕಟ್ಟೆಯಿಂದ ಲೈಟ್‌ಹೌಸ್ ಹಿಲ್ ಕಡೆ 500 ಮೀಟರ್ ಅಂದ್ರೆ ಏರು, ಅದೂ ಜುಲೈ ತಿಂಗಳ ಮಳೆಯಲ್ಲಿ, ಫುಟ್‌ಪಾತ್ ಇದ್ದಲ್ಲಿ ಉಂಟು ಇಲ್ಲದಲ್ಲಿ ಇಲ್ಲ, ವಯಸ್ಸಾದವರು ನಡೀತಾರಾ? ಪಂಪ್‌ವೆಲ್, ತೊಕ್ಕೊಟ್ಟು ಕಡೆ ಹೈವೇ ಆಚೆ ಇರುವ ಮನೆ ಕಣ್ಣಿಗೆ ಕಾಣ್ತದೆ, ಆದ್ರೆ ದಾಟ್ಲಿಕ್ಕೆ ಸುತ್ತು ಹಾಕ್ಬೇಕು. ಹಾಗಾಗಿ ಬಣ್ಣದ ನಕ್ಷೆಯಲ್ಲಿ ಸ್ಟೇಷನ್ ಸುತ್ತ ಹಳದಿ ತುಂಬಿದೆ ಅಂತ ಅಷ್ಟೂ ಮನೆಯವರು ಬರ್ತಾರೆ ಅಂತ ಬರೆಯುದು ತಪ್ಪಾಗ್ತದೆ. 1997ರಲ್ಲಿ ಅಮೆರಿಕದ ರಾಬರ್ಟ್ ಸರ್ವೆರೊ ಮತ್ತು ಕಾರಾ ಕೋಕೆಲ್ಮನ್ ಇದನ್ನ ಮೂರು ಡಿ ಅಂತ ಹೇಳಿದ್ರು: ಡೆನ್ಸಿಟಿ ಅಂದ್ರೆ ಎಷ್ಟು ಒತ್ತಾಗಿ ಜನ ಇದ್ದಾರೆ, ಡೈವರ್ಸಿಟಿ ಅಂದ್ರೆ ಎಷ್ಟು ಬಗೆಯ ಬಳಕೆ ಬೆರೆತಿದೆ, ಡಿಸೈನ್ ಅಂದ್ರೆ ರಸ್ತೆ ಗಲ್ಲಿಗಳು ನಡೀಲಿಕ್ಕೆ ಹೇಗಿವೆ. ನಮ್ಮಲ್ಲಿ ಮೊದಲ ಎರಡರ ಬಗ್ಗೆ ಮಾತಾಡುವವರಿದ್ದಾರೆ, ಮೂರನೇದನ್ನ ಯಾರೂ ಕೇಳುದಿಲ್ಲ, ನನಗೆ ಅದರ ಬಗ್ಗೆಯೇ ಬೇಜಾರು.

ಮೆಟ್ರೋ ಇಲ್ಲದಿದ್ರೂ ಇದನ್ನೆಲ್ಲ ನಮ್ಮೂರಲ್ಲೇ ನೋಡ್ಬಹುದು. ಮಂಗಳೂರು ಸೆಂಟ್ರಲ್ಲಿಗೂ ಜಂಕ್ಷನ್ನಿಗೂ ಎಷ್ಟು ವ್ಯತ್ಯಾಸ. ಸೆಂಟ್ರಲ್ಲಿನಲ್ಲಿ ಬೆಳಿಗ್ಗೆ ಕಾಸರಗೋಡು ಕಡೆಯಿಂದ ಬರುವ ಪ್ಯಾಸೆಂಜರ್ ಗಾಡಿಯಿಂದ ಇಳಿಯುವವರಲ್ಲಿ ಸ್ಟೂಡೆಂಟ್ಸು, ಅಂಗಡಿ ಆಫೀಸಿಗೆ ಬರುವವರು, ಆಸ್ಪತ್ರೆಗೆ ಬಂದವರು, ತುಂಬ ಜನ ನಡೆದೇ ಹೋಗ್ತಾರೆ, ವೆನ್‌ಲಾಕ್, ಯೂನಿವರ್ಸಿಟಿ ಕಾಲೇಜು, ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡ್ ಎಲ್ಲ ಹತ್ತಿರ. ಜಂಕ್ಷನ್ನಿನಲ್ಲಿ ಇಳಿಯುವವರು ಹೆಚ್ಚಾಗಿ ದೂರದ ಗಾಡಿಯವರು, ಕೈಯಲ್ಲಿ ಸೂಟ್‌ಕೇಸ್, ಹೊರಗೆ ಬಂದು ಮೊದಲು ಹುಡುಕುದು ಆಟೋ. ಮಣಿಪಾಲ ನೋಡಿ, ಅಲ್ಲೇ ಹಾಸ್ಟೆಲ್ಲು, ಅಲ್ಲೇ ಆಸ್ಪತ್ರೆ, ಅಲ್ಲೇ ಆಫೀಸು. ಬೆಳಿಗ್ಗೆ ಉಡುಪಿಯಿಂದ ಮೇಲೆ ಕೆಲಸಕ್ಕೆ ಹೋಗುವವರಿದ್ದಾರೆ, ಮಣಿಪಾಲದಿಂದ ಕೆಳಗೆ ಉಡುಪಿಗೆ ಬರುವವರೂ ಇದ್ದಾರೆ, ಸಂಜೆ ಮಠದ ಕಡೆ ಹೋಗುವ ಸ್ಟೂಡೆಂಟ್ಸೂ ಇದ್ದಾರೆ, ಸಿಟಿ ಬಸ್ಸಿನವರಿಗೆ ಎರಡೂ ದಿಕ್ಕಲ್ಲಿ ಕಲೆಕ್ಷನ್ ಇರ್ತದೆ. ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವವರು ಕಡಿಮೆಯಾ? ಅಲ್ಲ. ಆದ್ರೆ ಜಾಗ ವಿಶಾಲ, ರಸ್ತೆಯಿಂದ ಗೇಟು ದೂರ, ಶಿಫ್ಟು, ದೊಡ್ಡ ಕಂಪನಿಯವರಿಗೆ ಕಂಪನಿ ಬಸ್ಸು, ಅಲ್ಲೊಂದು ಸ್ಟೇಷನ್ ಹಾಕಿದ್ರೆ ಕಾಗದದ ಮೇಲಿನ ಉದ್ಯೋಗದ ಸಂಖ್ಯೆಗೂ ಇಳಿಯುವ ಜನಕ್ಕೂ ತಾಳೆ ಆಗ್ಲಿಕ್ಕಿಲ್ಲ.

ಲ್ಯಾಂಡ್ ಯೂಸ್ ರಶ್ ತರ್ತದೆ ಅನ್ನುದು ಒಂದು ಕಡೆ, ಸ್ಟೇಷನ್ ಬಂದ ಮೇಲೆ ಲ್ಯಾಂಡ್ ಯೂಸೇ ಬದಲಾಗ್ತದೆ ಅನ್ನುದು ಇನ್ನೊಂದು ಕಡೆ. ಜಾಗದ ರೇಟ್ ಏರ್ತದೆ, ಹಳೆ ಮನೆ ಒಡೆದು ಪಿಜಿ ಬರ್ತದೆ, ಕೆಳಗೆ ಅಂಗಡಿ ಮೇಲೆ ಫ್ಲ್ಯಾಟು. ಇವತ್ತಿನ ನಕ್ಷೆ ಹಿಡ್ಕೊಂಡು ಹತ್ತು ವರ್ಷದ ನಂತರದ ರಶ್ ಹೇಳ್ಲಿಕ್ಕೆ ಕಷ್ಟ ಆಗುದು ಇದಕ್ಕೇ.

ನಮಗೆ ಈ ಪದ ಈಗ ಯಾಕೆ ಮುಖ್ಯ ಅಂದ್ರೆ, ನೇತ್ರಾವತಿ ಮತ್ತು ಫಲ್ಗುಣಿ ನದಿಯಲ್ಲಿ ವಾಟರ್ ಮೆಟ್ರೋ, ಅಂದ್ರೆ ಮೆಟ್ರೋ ಹಾಗೆ ಜೆಟ್ಟಿಯಿಂದ ಜೆಟ್ಟಿಗೆ ಓಡುವ ದೋಣಿ ಸೇವೆ, ಮಾಡುವ ಪ್ರಸ್ತಾಪ ಕರ್ನಾಟಕ ಮ್ಯಾರಿಟೈಮ್ ಬೋರ್ಡಿನದ್ದು ಉಂಟು. ಕೊಚ್ಚಿಯಲ್ಲಿ 2023ರ ಏಪ್ರಿಲ್‌ನಲ್ಲಿ ಇದು ಶುರುವಾದಾಗ ಮೊದಲು ಬಂದ ಎರಡು ರೂಟಲ್ಲಿ ಒಂದು ಹೈಕೋರ್ಟ್‌ನಿಂದ ವೈಪಿನ್, ಒಂದು ಕಡೆ ಸಿಟಿ, ಇನ್ನೊಂದು ಕಡೆ ಜನ ತುಂಬಿರುವ ದ್ವೀಪ. ಇನ್ನೊಂದು ವೈಟಿಲದಿಂದ ಕಾಕ್ಕನಾಡ್, ಅಲ್ಲಿ ಇನ್ಫೋಪಾರ್ಕ್ ಅನ್ನುವ ಐಟಿ ಪಾರ್ಕ್ ಉಂಟು ಸರಿ, ಆದ್ರೆ ಜೆಟ್ಟಿಯಲ್ಲಿ ಇಳಿದ ಮೇಲೆ ಅಲ್ಲಿಗೆ ಹೋಗ್ಲಿಕ್ಕೆ ಮತ್ತೆ ಫೀಡರ್ ಬಸ್ ಬೇಕು. ನಮ್ಮಲ್ಲೂ ಹೊಳೆ ದಾಟುವ ಎರಡು ನಮೂನೆಯ ದೋಣಿ ಈಗಲೇ ಉಂಟು. ಬಂದರಿನಿಂದ ಬೆಂಗ್ರೆಗೆ ಹೋಗುದು ದಿನಬಳಕೆಯದ್ದು, ಶಾಲೆ ಮಕ್ಕಳು, ಕೆಲಸದವರು, ಸಾಮಾನು ತರುವವರು, ವಾರದ ದಿನ ಬೆಳಿಗ್ಗೆ ಸಂಜೆ ರಶ್. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ಹೋಗುವುದರಲ್ಲಿ ಬೀಚಿಗೆ ಹೋಗುವವರು ಜಾಸ್ತಿ, ಅದು ಆದಿತ್ಯವಾರ ಸಂಜೆಯ ರಶ್. ಎರಡಕ್ಕೂ ಒಂದೇ ಟೈಮ್‌ಟೇಬಲ್, ಒಂದೇ ಸೈಜಿನ ಜೆಟ್ಟಿ, ಒಂದೇ ಟಿಕೆಟ್ ಲೆಕ್ಕ ಹಾಕಿದ್ರೆ ಒಂದು ಕಡೆಯವರಿಗೆ ಕಷ್ಟ ಆಗುದು ಖಂಡಿತ, ಅದೂ ಬೆಂಗ್ರೆಯವರಿಗೆ. ಯೋಜನೆಯ ಬಗ್ಗೆ ಜನರ ಅಭಿಪ್ರಾಯ ಕೇಳ್ಲಿಕ್ಕೆ ಯಾರಾದ್ರೂ ಬಂದ್ರೆ, ಒಟ್ಟು ಎಷ್ಟು ಪ್ರಯಾಣಿಕರು ಅನ್ನುವ ಒಂದು ಅಂಕಿಗೆ ಸಮಾಧಾನ ಆಗ್ಬೇಡಿ. ಪ್ರತಿ ಜೆಟ್ಟಿಯಲ್ಲೂ ಬೆಳಿಗ್ಗೆ 8ಕ್ಕೆ ಹತ್ತುವವರೆಷ್ಟು ಇಳಿಯುವವರೆಷ್ಟು, ಸಂಜೆ ಎಷ್ಟು, ಆದಿತ್ಯವಾರ ಎಷ್ಟು, ಜುಲೈಯಲ್ಲಿ ಎಷ್ಟು ಅಂತ ಬಿಡಿಸಿ ಕೇಳಿ.